ಸಹಾಯಕರ ನಾಮಸ್ಮರಣೆ

ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದುದೆಲ್ಲವೂ ಆತನ ಅಧೀನ ಎಂಬುದು ನಮ್ಮ ಸಿದ್ಧಾಂತ. ಹೀಗಿರುವಾಗ ಜಿಜ್ಞಾಸುಗಳಿಗೆ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಎಲ್ಲವನ್ನೂ ಸಂಕಲ್ಪಮಾತ್ರದಿಂದ ಮಾಡಬಲ್ಲ ಪ್ರಭುವಿನ ಚರಿತ್ರೆಯನ್ನು ಹೇಳುವಾಗ, ಸಹಾಯಕರಾಗಿ ನಿಂತವರ ಹೆಸರುಗಳನ್ನು ಋಷಿಗಳು ಅಷ್ಟೊಂದು ಎಚ್ಚರದಿಂದ ಉಳಿಸಿರುವುದೇಕೆ?

ವಾಲ್ಮೀಕಿ ರಾಮಾಯಣವನ್ನೇ ನೋಡೋಣ. ಸೀತಾನ್ವೇಷಣೆಗಾಗಿ ಸುಗ್ರೀವನು ಪೂರ್ವಕ್ಕೆ ವಿನತನನ್ನೂ, ಪಶ್ಚಿಮಕ್ಕೆ ಸುಷೇಣನನ್ನೂ, ಉತ್ತರಕ್ಕೆ ಶತಬಲಿಯನ್ನೂ, ದಕ್ಷಿಣಕ್ಕೆ ಅಂಗದ, ಹನುಮಂತ, ಜಾಂಬವಂತ ಮೊದಲಾದವರನ್ನೂ ಕಳುಹಿಸಿದನು. ಮೂರು ದಿಕ್ಕುಗಳಿಗೆ ಹೋದವರು ಬರಿಗೈಯಲ್ಲಿ ಹಿಂದಿರುಗಿದರು. ಆದರೂ ಆದಿಕವಿ ಅವರ ಹೆಸರುಗಳನ್ನು ಕೈಬಿಡಲಿಲ್ಲ. ಫಲ ದೊರೆಯದಿದ್ದರೂ ಹುಡುಕಿದ ಶ್ರಮ ಸುಳ್ಳಲ್ಲವಷ್ಟೆ! ದಕ್ಷಿಣದ ಕಡಲತೀರದಲ್ಲಿ ಸುಳಿವು ಕೊಟ್ಟವನು ಸಂಪಾತಿ. ತಾನೇ ಲಂಘಿಸುವೆನೆಂದು ಹೊರಟ ಯುವರಾಜ ಅಂಗದನನ್ನು ತಡೆದು, ಹನುಮಂತದೇವರನ್ನು ಸ್ತುತಿಸಿ ಪ್ರಾರ್ಥಿಸಿದವನು ವೃದ್ಧ ಜಾಂಬವಂತ. ಅಂಗದನು ನಾಯಕನಾಗಿದ್ದೂ ಹಟ ಹಿಡಿಯಲಿಲ್ಲ. ಅದೇ ಅವನ ನಾಯಕತ್ವ.

ಜೀವೋತ್ತಮರಾದ ಹನುಮಂತದೇವರೇ ಸೈನ್ಯದಲ್ಲಿದ್ದರೂ ಸೇತುವೆಯ ಹೊಣೆ ಬಂದುದು ವಿಶ್ವಕರ್ಮನ ಮಗನಾದ ನಲನಿಗೆ. ಮೊದಲ ದಿನ 14 ಯೋಜನ, ಮುಂದೆ 20, 21, 22, 23, ಹೀಗೆ ಐದು ದಿನಗಳಲ್ಲಿ 100 ಯೋಜನಗಳ ಸೇತುವೆ ಸಿದ್ಧವಾಯಿತು. ಯುದ್ಧಾನಂತರ ಪುಷ್ಪಕದಲ್ಲಿ ಮರಳುವಾಗ ಶ್ರೀರಾಮಚಂದ್ರನು ಸೀತಾದೇವಿಗೆ ಅದನ್ನು ತೋರಿಸುತ್ತಾನೆ. ಒಂದೇ ಉಸಿರಿನಲ್ಲಿ ಅದು ತಾನು ಕಟ್ಟಿಸಿದ ಸೇತುವೆಯೆಂದೂ ಹೇಳುತ್ತಾನೆ, ನಲಸೇತುವೆಂದೂ ಕರೆಯುತ್ತಾನೆ. ಪ್ರಭುವಿನ ಸ್ವಾತಂತ್ರ್ಯಕ್ಕೆ ಇದರಿಂದ ಕುಂದಿಲ್ಲ, ಸೇವಕನ ಹೆಸರಿಗೂ ಲೋಪವಿಲ್ಲ.

ನಮ್ಮ ಪರಂಪರೆಯೂ ಇದೇ ದಾರಿಯಲ್ಲಿ ನಡೆದಿದೆ. ಶ್ರೀ ನಾರಾಯಣಪಂಡಿತಾಚಾರ್ಯರು ‘ಸುಮಧ್ವವಿಜಯ’ದಲ್ಲಿ ವ್ಯಕ್ತಿಗಳ, ಊರುಗಳ ಹೆಸರುಗಳನ್ನು ಕಾವ್ಯೋಚಿತವಾಗಿ ಸಂಸ್ಕೃತಕ್ಕೆ ತಿರುಗಿಸಿದರು. ಅಷ್ಟಕ್ಕೇ ಬಿಡದೆ ‘ಭಾವಪ್ರಕಾಶಿಕೆ’ಯೆಂಬ ಟಿಪ್ಪಣಿಯನ್ನು ತಾವೇ ಬರೆದು, ಜನರು ಬಳಸುತ್ತಿದ್ದ ದೇಶೀ ಹೆಸರುಗಳನ್ನೂ ತಿಳಿಸಿದರು. ಶ್ರೀಮದಾಚಾರ್ಯರು ಉಡುಪಿಯ ಶ್ರೀಕೃಷ್ಣನ ಪೂಜೆಯನ್ನು ಹೃಷೀಕೇಶತೀರ್ಥ, ನರಸಿಂಹತೀರ್ಥ, ಜನಾರ್ದನತೀರ್ಥ, ಉಪೇಂದ್ರತೀರ್ಥ, ವಾಮನತೀರ್ಥ, ವಿಷ್ಣುತೀರ್ಥ, ರಾಮತೀರ್ಥ, ಅಧೋಕ್ಷಜತೀರ್ಥರೆಂಬ ಎಂಟು ಯತಿಗಳಿಗೆ ವಹಿಸಿದರು. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ಶ್ರೀ ವಾದಿರಾಜತೀರ್ಥರು ಎರಡು ವರ್ಷಗಳಿಗೆ ವಿಸ್ತರಿಸಿದರು. ಕಾಲ ಬಂದಾಗ ಅಧಿಕಾರವನ್ನು ಕೈಯೆತ್ತಿ ಇನ್ನೊಬ್ಬರಿಗೆ ಒಪ್ಪಿಸುವುದೇ ಪರ್ಯಾಯದ ಮರ್ಮ.

ಇದರ ತಾತ್ತ್ವಿಕ ಮೂಲ ಪಂಚಭೇದದಲ್ಲಿದೆ. ಜೀವ ಜೀವರಿಗೆ ಭೇದವುಂಟು, ಅದು ಮೋಕ್ಷದಲ್ಲಿಯೂ ಅಳಿಯದು. ಒಬ್ಬನ ಯೋಗ್ಯತೆ ಇನ್ನೊಬ್ಬನದಲ್ಲ, ಒಬ್ಬನ ಸೇವೆಯೂ ಇನ್ನೊಬ್ಬನದಲ್ಲ. ಆದುದರಿಂದ ಸೇವೆ ಮಾಡಿದವರನ್ನು ‘ಯಾರೋ ಕೆಲವರು’ ಎಂದು ರಾಶಿಗೂಡಿಸುವುದು ಕೇವಲ ಅಸೌಜನ್ಯವಲ್ಲ, ತತ್ತ್ವದ ವಿಸ್ಮರಣೆ.

‘ನಿಷ್ಕಾಮಸೇವೆ ಮಾಡುವವರಿಗೆ ಹೆಸರೇಕೆ?’ ಎಂದು ಕೆಲವರು ಆಕ್ಷೇಪಿಸಬಹುದು. ಇಲ್ಲಿ ಎರಡು ಧರ್ಮಗಳಿವೆ. ಹೆಸರನ್ನು ಬಯಸದಿರುವುದು ಸೇವೆ ಮಾಡಿದವನ ಧರ್ಮ. ಹೆಸರನ್ನು ಮರೆಯದಿರುವುದು ಸೇವೆ ಪಡೆದವನ ಧರ್ಮ. ಮೊದಲನೆಯದನ್ನು ನೆಪಮಾಡಿಕೊಂಡು ಎರಡನೆಯದನ್ನು ಬಿಡುವವನು ಕೃತಘ್ನತೆಗೆ ವೈರಾಗ್ಯದ ವೇಷ ತೊಡಿಸಿದಂತಾಗುತ್ತದೆ.

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿರುವ ನಾವು ಇದನ್ನು ವಿಶೇಷವಾಗಿ ಚಿಂತಿಸಬೇಕು. ಶಾಖಾಮಠಗಳಲ್ಲಿ ದಾನಿಗಳ ಹೆಸರು ಅಮೃತಶಿಲೆಯಲ್ಲಿರುತ್ತದೆ. ಅದು ಯೋಗ್ಯವೇ. ಆದರೆ ಆರಾಧನೆಯ ದಿನ ಬೆಳಗಿನ ಜಾವದ ರೈಲು ಹಿಡಿದು ಬಂದು ತರಕಾರಿ ಹೆಚ್ಚಿದವರು, ಎಲೆ ತೆಗೆದು ನೆಲ ಸಾರಿಸಿದವರು ಯಾರು? ವರ್ಷಗಟ್ಟಲೆ ಮಾಲೆ ಕಟ್ಟಿದ ತಾಯಿಯನ್ನು ‘ಹೂವಿನ ಅಜ್ಜಿ’ಯೆಂದೇ ಕರೆಯುತ್ತೇವೆ. ಅವರು ಕಾಲವಾದ ಬಳಿಕ, ಅವರ ಹೆಸರೇನೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವಂತಾಗಬಾರದು.

ಹೆಸರು ಹೇಳಿ ಶಾಲು ಹೊದಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಲಿಲ್ಲ. ನಲನಿಗೆ ಹೆಸರಷ್ಟೇ ದೊರೆಯಲಿಲ್ಲ, ಸೇತುವಿನ ಹೊಣೆಯೂ ದೊರೆಯಿತು. ಸಮಿತಿಯ ಸ್ಥಾನಗಳಲ್ಲಿ ಅದೇ ನಾಲ್ವರು ಇಪ್ಪತ್ತು ವರ್ಷ ಕುಳಿತರೆ, ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮಠಕ್ಕೆ ಊಟದ ಹೊತ್ತಿನ ಅತಿಥಿಗಳಾಗಿಯೇ ಉಳಿಯುತ್ತಾರೆ. ಉತ್ಸವದ ಒಂದು ದಿನದ ಹೊಣೆಯನ್ನಾದರೂ ಅವರಿಗೆ ಪೂರ್ಣವಾಗಿ ಒಪ್ಪಿಸೋಣ. ತಪ್ಪಿದರೆ ಹಿರಿಯರು ಜಾಂಬವಂತನಂತೆ ಪಕ್ಕದಲ್ಲಿ ನಿಂತು ಹೇಳಲಿ. ಮಂಗಳಾರತಿಯ ಬಳಿಕ ದಾನಿಗಳ ಹೆಸರುಗಳೊಡನೆ, ಆ ದಿನ ದುಡಿದ ಪ್ರತಿಯೊಬ್ಬರ ಹೆಸರೂ ಸಭೆಯಲ್ಲಿ ಕೇಳಿಬರಲಿ.

ಕರ್ತೃತ್ವವೆಲ್ಲವೂ ಶ್ರೀಹರಿಯದು. ಆತನು ಯಾರ ಕೈಯಿಂದ ಮಾಡಿಸಿದನೋ ಆ ಕೈಯನ್ನು ಗುರುತಿಸುವುದೂ ಆತನ ಪೂಜೆಯೇ.

ಶ್ರೀಕೃಷ್ಣಾರ್ಪಣಮಸ್ತು.