ಒಂದು ಚದರ ಅಡಿಯ ಒಡೆತನ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿ ಅನೇಕ ವರ್ಷಗಳಾದ ಶ್ರಾವಿಕೆಯೊಬ್ಬರು ಈಚೆಗೆ ನನ್ನಲ್ಲಿ ಒಂದು ಶಂಕೆಯನ್ನು ವ್ಯಕ್ತಪಡಿಸಿದರು. ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಅವರ ಮೊಮ್ಮಗನು ಅಜ್ಜಿಗೆ ಉಡುಗೊರೆಯೆಂದು ಒಂದು ಪ್ರಮಾಣಪತ್ರವನ್ನು ಕಳುಹಿಸಿದ್ದನು. ಸ್ಕಾಟ್ಲೆಂಡಿನ ಬೆಟ್ಟನಾಡಿನಲ್ಲಿ ಒಂದು ಚದರ ಅಡಿ ಭೂಮಿಯು ಅವರದಾಗಿದೆಯೆಂದೂ, ಇನ್ನು ಮುಂದೆ ಅವರು ತಮ್ಮನ್ನು 'ಲೇಡಿ' ಎಂದು ಕರೆದುಕೊಳ್ಳಬಹುದೆಂದೂ ಅದರಲ್ಲಿ ಅಂದವಾಗಿ ಅಚ್ಚಾಗಿದ್ದಿತು. ಮನೆಯವರೆಲ್ಲ ನಕ್ಕರು. ಆ ತಾಯಿ ಮಾತ್ರ ನಗಲಿಲ್ಲ. "ಹೊಲ ಮನೆಗಳಿಗೆ ನಾನು ಮಿತಿ ಹಾಕಿಕೊಂಡವಳು. ಈ ಅಡಿ ನೆಲ ಆ ಮಿತಿಯ ಹೊರಗಿನದು. ನನ್ನ ವ್ರತಕ್ಕೆ ಅತಿಚಾರ ತಗುಲಿತೇನಪ್ಪಾ?" ಎಂದು ಕೇಳಿದರು.

ವ್ರತವನ್ನು ಇಷ್ಟು ಸೂಕ್ಷ್ಮವಾಗಿ ಕಾಯುವವರ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವುದು ಉಚಿತವಲ್ಲ. ಮೊದಲು ಈ ವ್ಯಾಪಾರದ ಸ್ವರೂಪವನ್ನು ತಿಳಿಯೋಣ.

ಸ್ಕಾಟ್ಲೆಂಡಿನ ಕೆಲವು ಸಂಸ್ಥೆಗಳು ವಿಶಾಲವಾದ ಭೂಮಿಯನ್ನು ಅಂಗೈಯಗಲದ ತುಂಡುಗಳಾಗಿ ಎಣಿಸಿ, ನೆನಪಿನ ಕಾಣಿಕೆಯಾಗಿ ಮಾರುತ್ತವೆ. ಜೊತೆಗೆ 'ಲೇರ್ಡ್', 'ಲಾರ್ಡ್', 'ಲೇಡಿ' ಎಂಬ ಬಿರುದುಗಳ ಆಸೆಯನ್ನು ತೋರಿಸುತ್ತವೆ. ನಮ್ಮ ಒಂದು ಗುಂಟೆಯಲ್ಲಿ 1,089 ಚದರ ಅಡಿಗಳಿವೆ. ಆ ಲೆಕ್ಕದಲ್ಲಿ ಒಂದು ಗುಂಟೆ ಬರಡು ನೆಲದಿಂದ 1,089 ಮಂದಿ ಒಡೆಯರನ್ನು ಸೃಷ್ಟಿಸಬಹುದು! ಆದರೆ ಆ ದೇಶದ ಕಾನೂನು ಹೇಳುವುದೇ ಬೇರೆ. ಉಪಯೋಗಕ್ಕೆ ಬಾರದಷ್ಟು ಚಿಕ್ಕದಾಗಿ, ಕೇವಲ ಒಡೆತನದ ಭಾವನೆಗಾಗಿ ಅಥವಾ ನೆನಪಿಗಾಗಿ ಮಾತ್ರ ಬೇಕಾಗುವ ಇಂತಹ ತುಂಡುಗಳನ್ನು ಭೂದಾಖಲೆಯಲ್ಲಿ ನೋಂದಾಯಿಸಕೂಡದೆಂದು 1979ರ ಕಾಯಿದೆಯು ವಿಧಿಸಿತು. 2012ರ ಕಾಯಿದೆಯೂ ಅದನ್ನೇ ಮುಂದುವರಿಸಿತು. ನೋಂದಣಿಯಿಲ್ಲದೆ ಅಲ್ಲಿ ಭೂಮಿಯ ಪೂರ್ಣ ಒಡೆತನವು ಸಿದ್ಧಿಸುವುದಿಲ್ಲ. ಆದುದರಿಂದ ಕೊಂಡವನಿಗೆ ದೊರೆಯುವುದು ಕಾಗದವೇ ಹೊರತು ನೆಲವಲ್ಲ.

ಬಿರುದಿನ ಸ್ಥಿತಿಯೂ ಇದಕ್ಕಿಂತ ಗಟ್ಟಿಯಾದುದಲ್ಲ. ವಂಶಲಾಂಛನಗಳ ವಿಷಯದಲ್ಲಿ ಅಲ್ಲಿಯ ಅಧಿಕೃತ ಪೀಠವಾದ ಲಾರ್ಡ್ ಲಯನ್ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿದೆ. 'ಲೇರ್ಡ್' ಎಂಬುದು ಪದವಿಯೇ ಅಲ್ಲ. ಜಮೀನಿನ ಸುತ್ತಮುತ್ತ ಬಾಳುವ ಜನರು ಅದರ ಒಡೆಯನನ್ನು ಕರೆಯುವ ಮಾತು. ನೆನಪಿನ ತುಂಡನ್ನು ಕೊಂಡವರಿಗೆ ಅದು ಸಲ್ಲುವುದಿಲ್ಲ.

ಈ ಆಸೆಯು ಒಂದು ದೇಶಕ್ಕೆ ಸೀಮಿತವಾದುದೂ ಅಲ್ಲ. 1955ರಲ್ಲಿ ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿಯು ತನ್ನ ತಿಂಡಿಯ ಪೊಟ್ಟಣಗಳೊಡನೆ ಕೆನಡಾದ ಯೂಕಾನ್ ಪ್ರದೇಶದ ಒಂದೊಂದು ಚದರ ಅಂಗುಲ ಭೂಮಿಯ ಪತ್ರವನ್ನು ಹಂಚಿತು. ಇಂತಹ ಪತ್ರಗಳು 2 ಕೋಟಿ 10 ಲಕ್ಷ. ಭೂಮಿಯಾದರೋ ಎಲ್ಲ ಸೇರಿ 19.11 ಎಕರೆ. ಹತ್ತು ವರ್ಷ ಕಳೆದ ಮೇಲೆ, 1965ರಲ್ಲಿ, 37 ಡಾಲರ್ 20 ಸೆಂಟ್ ಕಂದಾಯ ಬಾಕಿಗಾಗಿ ಸರಕಾರವು ಆ ಭೂಮಿಯನ್ನು ಹಿಂದಕ್ಕೆ ಪಡೆಯಿತು. ಕೋಟಿಗಟ್ಟಲೆ ಒಡೆಯರಲ್ಲಿ ಕಂದಾಯ ಕಟ್ಟುವ ಒಬ್ಬನೂ ಇರಲಿಲ್ಲ.

ಹಾಗಾದರೆ ನೆಲವಿಲ್ಲ, ಪದವಿಯೂ ಇಲ್ಲ. ಪರಿಗ್ರಹವೆಲ್ಲಿಯದು ಎಂದು ಕೆಲವರು ಕೇಳಬಹುದು. ಆ ತಾಯಿಗೂ ಇಷ್ಟನ್ನೇ ಹೇಳಿ ಸಮಾಧಾನಪಡಿಸಬಹುದಾಗಿತ್ತು. ಆದರೆ ಅದು ವಕೀಲರ ಉತ್ತರವಾಗುತ್ತಿತ್ತು, ವ್ರತಿಗಳ ಉತ್ತರವಾಗುತ್ತಿರಲಿಲ್ಲ. ಪರಿಗ್ರಹವೆಂದರೆ ಮೂರ್ಛೆ, 'ನನ್ನದು' ಎಂಬ ಮಮತ್ವಭಾವ, ಎಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಹತ್ತು ಎಕರೆ ಹೊಲವನ್ನು ಕೊಂಡವನಲ್ಲಿ ಮೂರ್ಛೆಯೊಡನೆ ಬೆಳೆಯೂ ಇದೆ, ಮಕ್ಕಳ ಅನ್ನವೂ ಇದೆ. ಯಾವುದು ಅಗತ್ಯ, ಯಾವುದು ಮೋಹ ಎಂದು ಬೇರ್ಪಡಿಸುವುದು ಕಷ್ಟ. ಈ ಒಂದು ಅಡಿಯಲ್ಲಿಯಾದರೋ ಬೀಜ ಬಿತ್ತುವಂತಿಲ್ಲ, ಗುಡಿಸಲು ಕಟ್ಟುವಂತಿಲ್ಲ. ಒಡೆತನದಿಂದ ಉಪಯೋಗವನ್ನೆಲ್ಲ ಸೋಸಿ ತೆಗೆದರೆ ಉಳಿಯುವುದು ಮಮತ್ವವೊಂದೇ. ಕೊಳ್ಳುವವನು ಹಣ ತೆತ್ತು ಪಡೆಯುವುದು ಅದನ್ನೇ ಅಲ್ಲವೆ?

ಬಾಹುಬಲಿಸ್ವಾಮಿಯ ಕಥೆಯನ್ನು ಅರಿಯದವರು ನಮ್ಮಲ್ಲಿಲ್ಲ. ರಾಜ್ಯವನ್ನೆಲ್ಲ ತೊರೆದು ತಪಸ್ಸಿಗೆ ನಿಂತವರಿಗೆ, 'ನಾನು ನಿಂತಿರುವ ನೆಲ ಭರತನದು' ಎಂಬ ಒಂದು ಕೊರಗು ಮಾತ್ರ ಉಳಿದಿದ್ದಿತೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಎರಡು ಪಾದಗಳಡಿಯ ನೆಲವೆಂದರೆ ಎಷ್ಟು? ಅಷ್ಟೇ ಸಾಕಾಯಿತು, ಕೇವಲಜ್ಞಾನವನ್ನು ತಡೆಯುವುದಕ್ಕೆ. ಶಲ್ಯಕ್ಕೆ ಚದರ ಅಡಿಗಳ ಲೆಕ್ಕವಿಲ್ಲ.

ಬಿರುದಿನ ವಿಷಯದಲ್ಲಿ ಮತ್ತೊಂದು ವಿಚಾರವಿದೆ. ಗೌರವವೆಂಬುದು ಇತರರು ಕೊಡಬೇಕಾದುದು. ನೆರೆಯವರು ಕೊಡದಿದ್ದ ಹೆಸರನ್ನು ತಾನೇ ಧರಿಸಿ, ಅಪರಿಚಿತರ ಮುಂದೆ ಮರ್ಯಾದೆಯನ್ನು ನಿರೀಕ್ಷಿಸುವುದು, ಕೊಡದಿದ್ದುದನ್ನು ತೆಗೆದುಕೊಂಡಂತೆಯೇ ಆಗುತ್ತದೆ. ಅಲ್ಲಿಗೆ ಅದು ಪರಿಗ್ರಹವನ್ನು ದಾಟಿ ಅಚೌರ್ಯವ್ರತದ ಎಲ್ಲೆಯನ್ನು ಮುಟ್ಟುತ್ತದೆ. ಇಂದು ಯಾರನ್ನೂ ವಂಚಿಸದ ಆ ಕಾಗದವು ನಾಳೆ ಚೀಟಿಯ ಮೇಲೆ ಹೆಸರಿನ ಮುಂದೆ ಅಚ್ಚಾದರೆ ವಂಚಿಸತೊಡಗುತ್ತದೆ.

ಇದರಲ್ಲಿ ವಿನೋದಕ್ಕೆ ಸ್ಥಳವೇ ಇಲ್ಲವೆಂದು ನನ್ನ ಅಭಿಪ್ರಾಯವಲ್ಲ. ದೂರದಲ್ಲಿರುವ ಹುಡುಗನು ಅಜ್ಜಿಯನ್ನು ನೆನೆದು ನಗಿಸಲು ಬಯಸಿದನು; ಅದರಲ್ಲಿ ಪ್ರೀತಿಯಿದೆ, ದೋಷವಿಲ್ಲ. ಕೊಂಡ ಹಣದಿಂದ ಕಾಡನ್ನು ಉಳಿಸುತ್ತೇವೆಂದು ಕೆಲವು ಸಂಸ್ಥೆಗಳು ಹೇಳುವುದೂ ಉಂಟು. ಕಾಡಿನ ಜೀವಗಳ ಮೇಲೆ ದಯೆಯಿದ್ದರೆ ಬಿರುದಿಲ್ಲದೆಯೂ ಕೊಡಬಹುದು. ಬಿರುದಿಲ್ಲದಿದ್ದರೆ ಕೈ ಮುಂದೆ ಬಾರದೆಂದಾದರೆ, ಆ ದಾನವನ್ನು ಮಾಡಿದುದು ದಯೆಯಲ್ಲ, ಮಾನಕಷಾಯ. ಈ ಮಾತು ಸ್ಕಾಟ್ಲೆಂಡಿಗೆ ಮಾತ್ರವೇ ಅನ್ವಯಿಸುವುದೆ? ಬಸದಿಯ ಮೆಟ್ಟಿಲ ಕಲ್ಲಿನಲ್ಲಿ ನಮ್ಮ ಹೆಸರನ್ನು ಕೆತ್ತಿಸುವಾಗ, ಅಷ್ಟು ಅಂಗುಲ ಕಲ್ಲು ನಮ್ಮದಾಯಿತೆಂಬ ಭಾವನೆ ಮೂಡುವುದಿಲ್ಲವೆ? ನಾವೇ ಕೇಳಿಕೊಳ್ಳಬೇಕು. ಷಟ್ಖಂಡವನ್ನು ಗೆದ್ದ ಭರತಚಕ್ರವರ್ತಿಯು ವೃಷಭಾಚಲದ ಮೇಲೆ ಹೆಸರು ಬರೆಯಲು ಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆಯು ತುಂಬಿಹೋಗಿದ್ದಿತು. ಒಂದನ್ನು ಅಳಿಸಿಯೇ ಅವನು ತನ್ನದನ್ನು ಬರೆಯಬೇಕಾಯಿತು.

ಆ ತಾಯಿಗೆ ನಾನು ಹೇಳಿದುದು ಇಷ್ಟೇ: "ಅಮ್ಮಾ, ನೀವು ಕೇಳಿ ಪಡೆದುದಲ್ಲ, 'ನನ್ನದು' ಎಂದು ಬಗೆದುದೂ ಇಲ್ಲ. ಭಯಪಟ್ಟು ಬಂದು ಕೇಳಿದಿರಿ. ನಿಮ್ಮ ವ್ರತಕ್ಕೆ ಭಂಗವಿಲ್ಲ." ಅವರು ಕಾಗದವನ್ನು ಮಡಿಸಿ ಮೊಮ್ಮಗನ ಹಳೆಯ ಪತ್ರಗಳ ಜೊತೆಯಲ್ಲಿಟ್ಟರು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಿಲ್ಲ.

ದಶಲಕ್ಷಣ ಪರ್ವದಲ್ಲಿ ಉತ್ತಮ ಮಾರ್ದವ, ಉತ್ತಮ ಆಕಿಂಚನ್ಯಗಳ ದಿನಗಳಂದು ಉಪವಾಸದಿಂದಿರುವ ಶ್ರಾವಕ ಶ್ರಾವಿಕೆಯರು, ತಮ್ಮ ಆಸ್ತಿಯ ಪಟ್ಟಿಯೊಡನೆ ತಮ್ಮ ಹೆಸರಿಗೆ ಅಂಟಿಕೊಂಡಿರುವ ವಿಶೇಷಣಗಳ ಪಟ್ಟಿಯನ್ನೂ ಒಮ್ಮೆ ಮಾಡಿ ನೋಡಲಿ. ಹೊಲ ಮನೆಗಳಿಗೆ ಮಿತಿ ಹಾಕಿದವರು ಬಿರುದುಗಳಿಗೂ ಮಿತಿ ಹಾಕಿಕೊಂಡರೆ ವ್ರತವು ಪೂರ್ಣವಾದೀತು.