ರೋಗವಿಲ್ಲದವರನ್ನು ದೂರವಿಡುವ ನ್ಯಾಯ

ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸೇರುವವರ ಮೂಗಿನಿಂದಲೋ ಗುದದ್ವಾರದಿಂದಲೋ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು, ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಇದೆಯೇ ಎಂದು ಪ್ರಯೋಗಾಲಯದಲ್ಲಿ ನೋಡುವುದುಂಟು. ಮೂಗಿನಲ್ಲಿ ಹುಡುಕುವುದು ಮೆಥಿಸಿಲಿನ್‌ಗೆ ಜಗ್ಗದ ಸ್ಟ್ಯಾಫಿಲೋಕಾಕಸ್ ಆರಿಯಸ್. ಕರುಳಿನಲ್ಲಿ, ಕಾರ್ಬಪೆನೆಮ್ ಗುಂಪಿನ ಔಷಧಗಳನ್ನೂ ಸೋಲಿಸುವ ಕ್ಲೆಬ್ಸಿಯೆಲ್ಲಾ, ಇ. ಕೋಲಿಗಳು. ಬಣ್ಣ ತೋರುವ ಅಗರ್ ತಟ್ಟೆಗೆ ಮಾದರಿ ಹಚ್ಚಿ ಸುಮಾರು 35 ಡಿಗ್ರಿ ಶಾಖದಲ್ಲಿಟ್ಟರೆ 18ರಿಂದ 24 ಗಂಟೆಯೊಳಗೆ ಸುಳಿವು ಸಿಗುತ್ತದೆ. ಪಿಸಿಆರ್‌ಗೆ ಕೆಲವೇ ಗಂಟೆ ಸಾಕು, ಖರ್ಚು ಜಾಸ್ತಿ.

ತೊಡಕು ಶುರುವಾಗುವುದು ವರದಿ ಬಂದ ಮೇಲೆ. ಬ್ಯಾಕ್ಟೀರಿಯಾ ಸಿಕ್ಕವರಲ್ಲಿ ಅನೇಕರಿಗೆ ಅದರಿಂದ ಜ್ವರವೂ ಇಲ್ಲ, ಕೀವೂ ಇಲ್ಲ. ಅದನ್ನು ಹೊತ್ತಿದ್ದಾರೆ, ಅಷ್ಟೇ. ಆದರೂ ಅವರಿಗೆ ಬೇರೆ ಕೋಣೆ, ಹತ್ತಿರ ಬರುವವರಿಗೆ ಗೌನು, ಗ್ಲೌಸು. ಅದರ ಪ್ರಯೋಜನ ಬಹುಮಟ್ಟಿಗೆ ಪಕ್ಕದ ಹಾಸಿಗೆಯವರಿಗೆ. ಮಾಡಿದವರೇ ಉಣ್ಣಬೇಕೆನ್ನುವ ಕರ್ಮದ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ: ಊರೆಲ್ಲ ನುಂಗಿದ ಮಾತ್ರೆಗಳ ಫಲ, ಎಂದೂ ಮಾತ್ರೆ ಮುಟ್ಟದವರ ಕರುಳಿನಲ್ಲೂ ಕಾಣಿಸಬಹುದು.

ಮುಟ್ಟದೆ ದೂರವಿಡುವುದು ಮಂಡ್ಯ ಸೀಮೆಗೆ ಹೊಸದಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ರಾಮಾನುಜರು ಅಸ್ಪೃಶ್ಯರೆನಿಸಿಕೊಂಡಿದ್ದ ತಿರುಕುಲತ್ತಾರರಿಗೆ ದೇವಾಲಯದ ಬಾಗಿಲು ತೆರೆದರೆಂದು ಸಂಪ್ರದಾಯ ಹೇಳುತ್ತದೆ. ಆದರೆ ಆ ಪ್ರವೇಶ ವರ್ಷದಲ್ಲಿ ಕೆಲವೇ ದಿನಗಳಿಗೆ ಸೀಮಿತವಾಗಿ ಉಳಿಯಿತು. ಇದೇ ಸೀಮೆಗೆ ವೈದ್ಯಕೀಯ ಕಾಲೇಜುಗಳೂ ಬಂದಿವೆ: ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ವೈದ್ಯಕೀಯ ಕಾಲೇಜು 1986ರಲ್ಲಿ ಬಂತು, ಮಂಡ್ಯದಲ್ಲಿ ಸರ್ಕಾರಿ ಸಂಸ್ಥೆ 2006ರಲ್ಲಿ. ಇಂಥ ಸೀಮೆಯ ಮನೆಯವರ ಕಿವಿಗೆ ಆಸ್ಪತ್ರೆಯ “ಮುಟ್ಟಬೇಡಿ” ಎಂಬ ಮಾತು ಮೈಲಿಗೆಯಾಗಿಯೇ ಕೇಳಿಸಿದರೆ ಆಶ್ಚರ್ಯವಿಲ್ಲ.

ಹುಟ್ಟಿನ ಮೈಲಿಗೆಗೆ ಪರೀಕ್ಷೆಯೂ ಇಲ್ಲ, ಗಡುವೂ ಇಲ್ಲ. ಪ್ರಯೋಗಾಲಯದ ಮಾತನ್ನು ಮರುಪರೀಕ್ಷೆ ಸುಳ್ಳು ಮಾಡಬಲ್ಲದು. ಅದು ಜಾತಿ ಕೇಳುವುದಿಲ್ಲ. ಹಾಗೆಂದು ವಿಜ್ಞಾನ ನಿರಪರಾಧಿಯೇನೂ ಅಲ್ಲ. ನ್ಯೂಯಾರ್ಕಿನಲ್ಲಿ ಟೈಫಾಯ್ಡ್ ರೋಗಾಣು ಹೊತ್ತಿದ್ದ ಅಡುಗೆಯಾಕೆ ಮೇರಿ ಮಲನ್‌ಳನ್ನು 1907ರಲ್ಲಿ ಪ್ರತ್ಯೇಕಿಸಿ, 1910ರಲ್ಲಿ ಬಿಟ್ಟು, 1915ರಲ್ಲಿ ಮತ್ತೆ ಹಿಡಿದು, 1938ರಲ್ಲಿ ಸಾಯುವತನಕ ದ್ವೀಪದಲ್ಲಿಟ್ಟರು. ಗಡುವಿಲ್ಲದ ಪ್ರತ್ಯೇಕತೆ ಯಾವ ಹೆಸರಿನಲ್ಲಿ ಬಂದರೂ ಮೈಲಿಗೆಯೇ. ಮೂಗಿನ ರೋಗಾಣುವನ್ನು ಮ್ಯುಪಿರೋಸಿನ್ ಮುಲಾಮಿನಿಂದ ಬಹುಪಾಲು ತೊಲಗಿಸಬಹುದು. ಕರುಳಿನದು ತಿಂಗಳುಗಟ್ಟಲೆ ಉಳಿಯಬಹುದು, ಅದನ್ನು ಖಚಿತವಾಗಿ ಹೊರಹಾಕುವ ಔಷಧವಿಲ್ಲ. ಆದ್ದರಿಂದಲೇ ಷರತ್ತುಗಳು ಬಿಗಿಯಾಗಿರಬೇಕು: ಬೇರೆ ಕೋಣೆಯ ಖರ್ಚು ರೋಗಿಯ ಬಿಲ್ಲಿಗೆ ಬೀಳಬಾರದು, ಆಪರೇಷನ್ ಮುಂದೆ ಹೋಗಬಾರದು, ಕಾರಣವನ್ನು ಅವರಿಗೇ ಬಿಡಿಸಿ ಹೇಳಬೇಕು. ಹಾಸಿಗೆಯಿಂದ ಹಾಸಿಗೆಗೆ ಬ್ಯಾಕ್ಟೀರಿಯಾ ಸಾಗಿಸುವುದು ಹೆಚ್ಚಾಗಿ ಸಿಬ್ಬಂದಿಯ ಕೈಯೇ ಆದ್ದರಿಂದ, ರೋಗಿಯನ್ನು ಪ್ರತ್ಯೇಕಿಸಿ ಕೈತೊಳೆಯುವುದನ್ನು ಮರೆತ ಆಸ್ಪತ್ರೆಗೆ ಆ ಹಕ್ಕೇ ಇಲ್ಲವೆನ್ನಬೇಕು.

ಮನೆಗೆ ಮರಳಿದವರಿಗೆ ಸಾಮಾನ್ಯವಾಗಿ ಬೇರೆ ತಟ್ಟೆ, ಬೇರೆ ಕೋಣೆ ಬೇಕಿಲ್ಲ. ಶೌಚದ ನಂತರ, ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈತೊಳೆಯಬೇಕು. ಮುಂದೆ ಯಾವ ಆಸ್ಪತ್ರೆ ಸೇರಿದರೂ ಹಳೆಯ ವರದಿ ತೋರಿಸಬೇಕು.