ಚಹಾ ಸುರಿಯುವ ಕೈ

ನಮ್ಮ ಗದಗ-ಬೆಟಗೇರಿಯಲ್ಲಿ ಸಂಜೆಯ ನಾಲ್ಕು ಗಂಟೆಯಾಯಿತೆಂದರೆ ಕಡಾಯಿಗಳಲ್ಲಿ ಎಣ್ಣೆ ಕಾಯತೊಡಗುತ್ತದೆ. ಮೆಣಸಿನಕಾಯಿಯ ಹೊಟ್ಟೆ ಸೀಳಿ, ಉಪ್ಪು ಜೀರಿಗೆ ಸವರಿ, ಕಡಲೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟರೆ ಮಿರ್ಚಿ ಭಜಿ. ಬದನೆಕಾಯಿಗೂ ಅದೇ ಗೌರವ ಸಲ್ಲುವುದು ಗದಗಿನ ವಿಶೇಷ. ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆಯ ಹುಳಿ, ಬೆಲ್ಲ, ಪುಟಾಣಿ ಹಿಟ್ಟು ಕೂಡಿಸಿ ಕಲಸಿದರೆ ಗಿರ್ಮಿಟ್ಟು. ಲಕ್ಷ್ಮೇಶ್ವರದ ಸಂತೆಗೆ ಹೋಗಿ, ಶಿರಹಟ್ಟಿಯಲ್ಲಿ ಬಸ್ಸು ಇಳಿಯಿರಿ, ಮುಂಡರಗಿಯಲ್ಲಿ ಬಸ್ಸು ತಪ್ಪಿ ಕಾಯುತ್ತ ಕುಳಿತಿರಿ, ಇವುಗಳ ವಾಸನೆ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಜೊತೆಗೆ ಚಹಾ. ಇವು ಊಟವಲ್ಲ. ಊಟಕ್ಕೆ ಮನೆಯಲ್ಲಿ ರೊಟ್ಟಿ ಕಾದಿರುತ್ತದೆ. ಹಾಗಾದರೆ ಇದೇನು, ಇದು ಯಾವುದರ ಹಸಿವೆ?

ಚೀನದ ತೆಂಕಣ ತುದಿಯ ಕ್ಯಾಂಟನ್ ಪ್ರಾಂತದವರು ಈ ಪ್ರಶ್ನೆಗೆ ಹೆಸರಿನಲ್ಲಿಯೇ ಉತ್ತರ ಇಟ್ಟಿದ್ದಾರೆ. ಅಲ್ಲಿ ಚಹಾದ ಜೊತೆಗಿನ ಸಣ್ಣ ತಿನಿಸುಗಳಿಗೆ ದಿಮ್ ಸಮ್ ಎನ್ನುತ್ತಾರೆ. ಹೃದಯವನ್ನು ಒಂದಿಷ್ಟು ಮುಟ್ಟುವುದು ಎಂದು ಅದರ ಅರ್ಥ. ತೆಳುವಾದ ಹಾಳೆಯಂಥ ಹಿಟ್ಟಿನೊಳಗೆ ಸೀಗಡಿಯನ್ನಿಟ್ಟ ಹಾರ್ ಗಾವ್, ಹಂದಿಮಾಂಸ ತುಂಬಿದ ಉಬ್ಬಿದ ಬಾವ್, ಇವು ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಹಬೆಯಾಡುತ್ತ ಬರುತ್ತವೆ. ಒಂದು ಬುಟ್ಟಿಯಲ್ಲಿ ಮೂರೋ ನಾಲ್ಕೋ. ಒಬ್ಬನೇ ತಿಂದು ಮುಗಿಸಲೆಂದು ಮಾಡಿದ್ದಲ್ಲ, ಹಂಚಿಕೊಳ್ಳಲೆಂದೇ ಮಾಡಿದ ಅಳತೆ. ಅಂಗಡಿಯಲ್ಲಿ ಜನ ಹೆಚ್ಚಾದರೆ ಗುರುತಿಲ್ಲದವರೂ ಒಂದೇ ಮೇಜಿಗೆ ಕುಳಿತುಕೊಳ್ಳುತ್ತಾರೆ. ನಮ್ಮ ಸಸ್ಯಾಹಾರಿ ಓದುಗರು ಹಂದಿಮಾಂಸವನ್ನು ಬದಿಗಿಟ್ಟು ಮೇಜನ್ನಷ್ಟೇ ನೋಡಬೇಕೆಂದು ಬಿನ್ನಹ.

ನಮಗೂ ಅವರಿಗೂ ಇನ್ನೊಂದು ನಂಟುಂಟು. ಕ್ಯಾಂಟನ್ನಿನವರು ಈ ಪೇಯವನ್ನು ಚಾ ಎನ್ನುತ್ತಾರೆ. ಅಮಾಯ್ ಬಂದರಿನ ಕಡೆಯವರು ತೆ ಎನ್ನುತ್ತಾರೆ. ಎರಡನೆಯದು ಹಡಗು ಹತ್ತಿ ಯುರೋಪಿಗೆ ಹೋಗಿ ಟೀ ಆಗಿ ಮೈಸೂರಿನ ಕಡೆಗೆ ಬಂದಿತು. ನಮ್ಮದು ಚಹಾ. ಬೆಂಗಳೂರಿನ ಗೆಳೆಯರು ನಮ್ಮ ಮಾತನ್ನು ಕೇಳಿ ನಕ್ಕಾಗ ಇದನ್ನು ನೆನಪಿಸಿ ಸ್ವಲ್ಪ ಬೀಗಬಹುದು.

ಅವರಲ್ಲಿ ಒಂದು ಕತೆಯಿದೆ. ಹದಿನೆಂಟನೆಯ ಶತಮಾನದಲ್ಲಿ ಆಳಿದ ಚಿಯೆನ್ ಲುಂಗ್ ಚಕ್ರವರ್ತಿ ವೇಷ ಮರೆಸಿಕೊಂಡು ತೆಂಕಣ ಪ್ರಾಂತಗಳಲ್ಲಿ ತಿರುಗುತ್ತಿದ್ದನಂತೆ. ಒಂದು ಚಹಾದಂಗಡಿಯಲ್ಲಿ ತಾನೇ ಹೂಜಿ ಎತ್ತಿ ಸೇವಕರ ಬಟ್ಟಲಿಗೆ ಚಹಾ ಸುರಿದ. ಅವರಿಗೆ ಪ್ರಾಣಸಂಕಟ: ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದೆ, ಸುಮ್ಮನಿದ್ದರೆ ಅಪರಾಧವಾಗುತ್ತದೆ. ಆಗ ಒಬ್ಬ ಎರಡು ಬೆರಳು ಮಡಚಿ ಮೇಜಿನ ಮೇಲೆ ಮೆಲ್ಲಗೆ ತಟ್ಟಿದ, ಬೆರಳುಗಳೇ ಮೊಣಕಾಲೂರಿದಂತಾಯಿತು. ಇಂದಿಗೂ ಅಲ್ಲಿ ಚಹಾ ಸುರಿದವರಿಗೆ ಹೀಗೆ ಬೆರಳು ತಟ್ಟಿ ಕೃತಜ್ಞತೆ ಸೂಚಿಸುತ್ತಾರೆ. ಕತೆ ನಿಜವೋ ಸುಳ್ಳೋ ಬಿಡಿ. ದೊಡ್ಡವನ ಕೈ ಚಿಕ್ಕವನ ಬಟ್ಟಲಿಗೆ ಬಾಗಿದ್ದನ್ನು ಒಂದು ಜನಾಂಗ ಮರೆಯದೆ ಇಟ್ಟುಕೊಂಡಿದೆಯಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಏಕೆಂದರೆ ನಮ್ಮಲ್ಲಿಯೂ ಚಹಾ ಮೇಲಿನಿಂದ ಕೆಳಗೆ ಸುರಿದದ್ದುಂಟು, ಬೇರೆ ಬಗೆಯಲ್ಲಿ. ಹಳ್ಳಿಯ ಚಹಾದಂಗಡಿಯ ಸೂರಿನ ಸಂದಿಯಲ್ಲಿ ಬೇರೆಯಾಗಿ ಸಿಕ್ಕಿಸಿಟ್ಟ ಲೋಟ ನಾನು ಹುಡುಗನಾಗಿದ್ದಾಗ ಕಂಡದ್ದು. ದುಡಿದು ಬಂದವನು ಅದನ್ನು ತಾನೇ ತೆಗೆದು, ತಾನೇ ತೊಳೆದು, ಅಂಗಳದಲ್ಲಿ ಕುಕ್ಕರಿಸಿ ಹಿಡಿಯಬೇಕು. ಅಂಗಡಿಯವನು ಮೊಳದೆತ್ತರದಿಂದ ಸುರಿಯುತ್ತಿದ್ದ. ಎತ್ತರದಿಂದ ಸುರಿದ ಚಹಾಕ್ಕೆ ನೊರೆ ಚೆನ್ನಾಗಿ ಬರುತ್ತದೆ. ಆದರೆ ಆ ಎತ್ತರ ನೊರೆಗಾಗಿ ಇದ್ದದ್ದಲ್ಲ. ಹಣ ಮಾತ್ರ ಎಲ್ಲರದೂ ಒಂದೇ ಡಬ್ಬಿಗೆ ಬೀಳುತ್ತಿತ್ತು.

ಇದನ್ನು ಹಿರಿಯರ ಶಾಸ್ತ್ರದ ಮೇಲೆ ಹಾಕಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಚಹಾಕ್ಕೆ ಯಾವ ಸ್ಮೃತಿಯಲ್ಲಿ ವಿಧಿಯಿದೆ? ಇಂಗ್ಲಿಷರು 1830ರ ದಶಕದಲ್ಲಿ ಅಸ್ಸಾಮಿನಲ್ಲಿ ಬೆಳೆಸತೊಡಗಿದ ಎಲೆ ಅದು. ಸಾಮಾನ್ಯರ ಮನೆಯ ಒಲೆಯವರೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಭಜಿಯ ಮೆಣಸಿನಕಾಯಿ ಪೋರ್ಚುಗೀಜರ ಹಡಗಿನಲ್ಲಿ ಅಮೇರಿಕದಿಂದ ಬಂದದ್ದು. ಸಮುದ್ರ ದಾಟಿ ಬಂದ ಎಲೆಗೆ, ಕಾಯಿಗೆ ನಾವು ಕುಲ ಕೇಳಲಿಲ್ಲ. ಪಕ್ಕದ ಓಣಿಯಿಂದ ಬಂದ ಮನುಷ್ಯನಿಗೆ ಕೇಳಿದೆವು. ಹಳೆಯ ಕಟ್ಟಳೆಯೇ ಇಲ್ಲದ ಹೊಸ ವಸ್ತುವಿಗೆ ಕಟ್ಟಳೆಯನ್ನು ನಾವೇ ಕೂತು ಮಾಡಿದೆವು. ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ ಹಿಂದೂ ಚಹಾ ಬೇರೆ, ಮುಸಲ್ಮಾನ ಚಹಾ ಬೇರೆ ಎಂದು ಕೂಗಿ ಮಾರುತ್ತಿದ್ದರೆಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ.

1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಂಗಡಿ, ಉಪಾಹಾರಗೃಹಗಳ ಬಾಗಿಲನ್ನು ಹೆಸರಿಟ್ಟು ಹೇಳಿ ಎಲ್ಲರಿಗೂ ತೆರೆಯಿತು. 1955ರ ಅಸ್ಪೃಶ್ಯತಾ ಕಾಯಿದೆ ಅಲ್ಲಿನ ಪಾತ್ರೆಗಳನ್ನು ಬಳಸಗೊಡದಿರುವುದನ್ನೂ ಅಪರಾಧವೆಂದಿತು. ಕಾಯಿದೆಯನ್ನು ಬರೆದವರಿಗೆ ಸೂರಿನ ಸಂದಿಯ ಲೋಟ ಗೊತ್ತಿತ್ತೆಂದಾಯಿತು. ಈಗ ಕಾಗದದ ಲೋಟಗಳು ಬಂದಿವೆ. ಯಾರ ಎಂಜಲೂ ಯಾರಿಗೂ ತಾಗುವ ಭಯವಿಲ್ಲ, ಕುಡಿದು ಎಸೆದರಾಯಿತು. ಕೆಲವರು ಇದನ್ನೇ ಸಮಾನತೆ ಎನ್ನುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಒಂದೇ ಬಟ್ಟಲನ್ನು ತೊಳೆದು ಇಬ್ಬರೂ ಕುಡಿಯುವುದು ಒಂದು. ಇಬ್ಬರೂ ಕುಡಿದು ಬಟ್ಟಲನ್ನೇ ಎಸೆಯುವುದು ಇನ್ನೊಂದು. ಎರಡನೆಯದರಲ್ಲಿ ಮನಸ್ಸು ಏನನ್ನೂ ಬಿಟ್ಟುಕೊಡಬೇಕಾಗಿಲ್ಲ.

ಅಂಗಡಿಯ ಮಾತು ಸಾಕು. ಪೇಟೆಯ ನಮ್ಮ ಮನೆಗಳಲ್ಲಿ, ಅಡಿಗೆಮನೆಯ ಕಿಟಕಿಯಲ್ಲಿಯೋ ಹಿತ್ತಲ ಕಟ್ಟೆಯ ಮೇಲೆಯೋ, ಮುಸುರೆ ತಿಕ್ಕುವವಳ ಚಹಾಕ್ಕೆಂದು ಒಂದು ಲೋಟ ಇದೆಯಲ್ಲ? ಪರಿಚಯದವರೊಬ್ಬರ ಮನೆಯಲ್ಲಿ ಈ ಮಾತು ಎತ್ತಿದೆ. “ಜಾತೀದು ಏನೂ ಇಲ್ರೀ, ಸ್ವಚ್ಛತಾ ಅಷ್ಟ” ಎಂದರು ಯಜಮಾನರು. ಸ್ವಚ್ಛತೆಯೇ ಆದರೆ ಮನೆಯ ಎಲ್ಲ ಬಟ್ಟಲುಗಳನ್ನು ದಿನವೂ ತೊಳೆಯುವ ಕೈ ಅವಳದೇ. ನೆಗಡಿಯಾದ ನೆಂಟರಿಗೆ ಕಿಟಕಿಯ ಲೋಟ ಕೊಡುವ ಪದ್ಧತಿಯೂ ಅವರಲ್ಲಿಲ್ಲ. “ಅಕಿನ ಬ್ಯಾರೆ ಲೋಟ ಕೇಳ್ತಾಳ್ರೀ” ಎಂದು ಅವರ ಮನೆಯವರು ಒಳಗಿನಿಂದ ಸೇರಿಸಿದರು. ಇರಬಹುದು. ಮೂರು ತಲೆಮಾರು ಅಂಗಳದಲ್ಲಿ ಕೂರಿಸಿದವರು, ನಾಲ್ಕನೆಯವಳು ಅಂಗಳವನ್ನೇ ಕೇಳಿದಾಗ ಅದನ್ನು ಅವಳ ಇಷ್ಟವೆಂದು ಕರೆಯುತ್ತಾರೆ.

ಅಷ್ಟರಲ್ಲಿ ಆ ಮನೆಯ ಸೊಸೆ ಮಿರ್ಚಿ ಭಜಿಯ ತಟ್ಟೆ ತಂದಿಟ್ಟಳು. ನಮಗೆ ಚಹಾ ಕೊಟ್ಟು, ಉಳಿದದ್ದನ್ನು ಅಂಥದೇ ಇನ್ನೊಂದು ಕಪ್ಪಿಗೆ ಸುರಿದು ಹಿತ್ತಲ ಕಡೆ ಒಯ್ದಳು. ಅತ್ತೆ ನೋಡಿದರು, ಮಾತಾಡಲಿಲ್ಲ. ಯಜಮಾನರು ಭಜಿ ತುಸು ಖಾರವಾಯಿತೆಂದರು.